ನೋಟಿಸ್ ಇಸ್ಕೊಂಡ್ರೆ ತಪ್ಪು ಒಪ್ಕೊಂಡಂಗಲ್ಲ ಕಣ್ರೀ

"ನೋಟಿಸ್ ತಂದಿದ್ರು ಸಾರ್, ನಾನು ಇಸ್ಕೊಳ್ಳಲೇ ಇಲ್ಲ." ಕೆಲಸದಲ್ಲಿ ತಪ್ಪು ಮಾಡಿದ್ದೀರಿ ಅಂತ ಕಾರಣ ಕೇಳಿ ಮೇಲಿನವ್ರು ಕೊಡೋ ನೋಟಿಸ್ ಇದು. ಪಾಲಿಕೆ, ನಗರಸಭೆ, ಪುರಸಭೆ, ಯಾವ ಕಡೆ ನೌಕರ ಬಂದ್ರೂ ಇದೇ ಮಾತು, ಅದೂ ಏನೋ ಸಾಧನೆ ಮಾಡಿದಂಗೆ ಹೇಳ್ತಾರೆ. ಮೈಸೂರಲ್ಲಿ ಸರ್ವೀಸ್ ಮ್ಯಾಟರ್, ಅಂದ್ರೆ ನೌಕರರ ಕೆಲಸದ ಕೇಸು ನೋಡೋ ವಕೀಲ ನಾನು, ಇದೊಂದು ಮಾತು ಕೇಳಿದ್ರೆ ಬಿಪಿ ಏರತ್ತೆ.

ಸೈನ್ ಹಾಕಿದ್ರೆ ತಪ್ಪು ಒಪ್ಕೊಂಡಂಗೆ ಅನ್ನೋ ಭಯ. ಇಲ್ಲಾರೀ. ನೀವು ಸೈನ್ ಹಾಕೋದು ಆರೋಪಕ್ಕಲ್ಲ, ಕಾಗದ ಕೈಗೆ ಬಂತು ಅನ್ನೋದಕ್ಕೆ. ಕೊರಿಯರ್ ಹುಡುಗನ ಹತ್ರ ಪಾರ್ಸೆಲ್ ತಗೊಂಡು ಸೈನ್ ಹಾಕಿದ್ರೆ ಒಳಗಿರೋ ಶರ್ಟು ನಿಮ್ಮ ಸೈಜೇ ಅಂತ ಒಪ್ಕೊಂಡಂಗಾ? ಇನ್ನೂ ಅನುಮಾನ ಇದ್ರೆ "ಪ್ರತಿ ಸ್ವೀಕರಿಸಿದ್ದೇನೆ, ಆರೋಪ ಒಪ್ಪಿರುವುದಿಲ್ಲ, ಉತ್ತರ ಸಲ್ಲಿಸುತ್ತೇನೆ" ಅಂತ ಬರ್ದು ತಾರೀಖು, ಟೈಮ್ ಹಾಕಿ. ತಾರೀಖು ಮಾತ್ರ ಮರೀಬೇಡಿ, ಉತ್ತರಕ್ಕೆ ಕೊಟ್ಟಿರೋ ದಿನ ಸಾಮಾನ್ಯವಾಗಿ ಎಣಿಸೋದೇ ಅಲ್ಲಿಂದ. ನೋಟಿಸಲ್ಲಿ "ಅನುಬಂಧ ಲಗತ್ತಿಸಿದೆ" ಅಂತಿದ್ದು ಹಿಂದುಗಡೆ ಏನೂ ಇಲ್ದಿದ್ರೆ ಅದನ್ನೂ ಅಲ್ಲೇ ಬರೀರಿ, ಎಷ್ಟೋ ಸಲ ಇಡೀ ಕೇಸಲ್ಲಿ ನಮಗೆ ಸಿಗೋ ಒಳ್ಳೇ ಪಾಯಿಂಟ್ ಅದೊಂದೇ.

ಇಸ್ಕೊಳ್ಳದಿದ್ರೆ ಏನಾಗತ್ತೆ? ಜವಾನ ವಾಪಸ್ ಹೋಗಿ "ಸ್ವೀಕರಿಸಲು ನಿರಾಕರಿಸಿರುತ್ತಾರೆ" ಅಂತ ಷರಾ ಬರೀತಾನೆ. ಇಬ್ರು ಸಾಕ್ಷಿ, ಒಂದು ಮಹಜರು, ನಿಮ್ಮನೆ ಬಾಗ್ಲಿಗೆ ಅಂಟಿಸಿ ಮೊಬೈಲಲ್ಲಿ ಫೋಟೋ. ನೀವೊಬ್ರು ಓದ್ಬೇಕಿದ್ದ ಕಾಗದಾನ ಬೀದಿ ಪೂರ್ತಿ ಓದತ್ತೆ, ನೀವೊಬ್ರು ಮಾತ್ರ ಓದಿರಲ್ಲ. ಮೇಲಿಂದ ಅಂಚೆಲೂ ಕಳಿಸ್ತಾರೆ, ಸರಿಯಾದ ವಿಳಾಸಕ್ಕೆ ರಿಜಿಸ್ಟರ್ ಮಾಡಿ ಕಳಿಸಿದ್ದನ್ನ ನೀವು "ಬೇಡ" ಅಂತ ವಾಪಸ್ ಕಳ್ಸಿದ್ರೂ ತಲುಪಿದೆ ಅಂತ್ಲೇ ಕೋರ್ಟು ಲೆಕ್ಕ ಹಿಡಿಯೋದು, 1897ರ ಜನರಲ್ ಕ್ಲಾಸಸ್ ಆಕ್ಟಿನ 27ನೇ ಸೆಕ್ಷನ್ ಇರೋದೇ ಅದಕ್ಕೆ. ಹಂಗಂತ ಎಲ್ಲಾ ಕೇಸೂ ಒಂದೇ ಅಲ್ಲ. "ವ್ಯಕ್ತಿ ಸಿಗಲಿಲ್ಲ" ಅಂತ ದೋಷಾರೋಪ ಪಟ್ಟಿ (ಇಲಾಖೆ ಆರೋಪಗಳನ್ನ ಬರ್ದು ಕೊಡೋ ಚಾರ್ಜ್‌ಶೀಟ್) ವಾಪಸ್ ಬಂದಿದ್ದ ಒಂದು ಕೇಸಲ್ಲಿ ಅದು ತಲುಪಿದಂಗಲ್ಲ ಅಂತ 1998ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಇದನ್ನ ಯಾರೋ ಯೂಟ್ಯೂಬಲ್ಲಿ ನೋಡ್ಕೊಂಡು ಬಂದು ನನಗೇ ಪಾಠ ಮಾಡ್ತಾರೆ. ಸ್ವಾಮಿ, ನೀವು ಸಿಕ್ಕಿದ್ರಿ, ಸಿಕ್ಕಿ ಬೇಡ ಅಂದ್ರಿ, ಅದೇ ಬೇರೆ ಇದೇ ಬೇರೆ.

ಮಂಡ್ಯ ಜಿಲ್ಲೆಯ ಒಂದು ಪುರಸಭೆ ವಾಲ್ವ್‌ಮನ್ ಇದ್ದ, ಚಿನ್ನದಂಥ ಮನುಷ್ಯ, ಬಂದಾಗೆಲ್ಲ ಒಂದು ಪೊಟ್ಟಣ ಬೆಲ್ಲ ತರೋನು. ಯಾರೋ ದೊಡ್ಡೋರು ಫೋನ್ ಮಾಡಿ "ನಮ್ಮ ಕಡೆ ಇನ್ನೊಂದು ಗಂಟೆ ನೀರು ಬಿಡು" ಅಂದ್ರು, ಬಿಟ್ಟ. ಪಕ್ಕದ ಬೀದಿಯವ್ರು ಖಾಲಿ ಕೊಡ ಹಿಡ್ಕೊಂಡು ಆಫೀಸಿಗೇ ಬಂದ್ರು, ಮುಖ್ಯಾಧಿಕಾರಿ ಕಾರಣ ಕೇಳಿ ನೋಟಿಸ್ ಕೊಟ್ರು, ಫೋನ್ ಮಾಡಿದ್ದ ದೊಡ್ಡೋರು ನಾನೆಲ್ಲಿ ಹೇಳ್ದೆ ಅಂದ್ಬಿಟ್ರು. ಇವ್ನು ನೋಟಿಸ್ ಬೇಡ ಅಂತ ತಿಪಟೂರಿನ ಅಕ್ಕನ ಮನೇಲಿ ಹೋಗಿ ಕೂತ. ತಮಾಷೆ ಏನಂದ್ರೆ ಉತ್ತರ ಇವ್ನ ಹತ್ರಾನೇ ಇತ್ತು! ಪಂಪ್‌ಹೌಸ್ ಲಾಗ್‌ಬುಕ್ಕಲ್ಲಿ ಯಾರು ಫೋನ್ ಮಾಡಿದ್ರು, ಎಷ್ಟೊತ್ತಿಗೆ ವಾಲ್ವ್ ತೆಗೆದೆ, ಎಷ್ಟೊತ್ತಿಗೆ ಮುಚ್ಚಿದೆ, ಎಲ್ಲಾ ಪೆನ್ಸಿಲಲ್ಲಿ ಗುಂಡಗೆ ಬರ್ದಿದ್ದ. ಆ ಪುಟದ ಜೆರಾಕ್ಸ್ ಹಚ್ಚಿ ಮೂರು ಸಾಲು ಬರ್ದಿದ್ರೆ ವಾರ್ನಿಂಗಲ್ಲೇ ಮುಗೀತಿತ್ತೇನೋ. ಉತ್ತರ ಬರಲಿಲ್ಲ ಅಂತ ಅಮಾನತು ಆಯ್ತು, ಆಮೇಲೆ ವಿಚಾರಣೆ ಅಂತ ಎಳೀತು, ಅಷ್ಟೊತ್ತಿಗೆ ಲಾಗ್‌ಬುಕ್ಕೇ ಆಫೀಸಲ್ಲಿ ಸಿಗಲಿಲ್ಲ.

ಮೇಲಿನವ್ರ ಕಡೆ ತಪ್ಪಿರಲ್ಲ ಅಂತ ನಾನು ಹೇಳ್ತಿಲ್ಲ, ಎಷ್ಟೋ ನೋಟಿಸು ಶುದ್ಧ ಸಿಟ್ಟಿನದ್ದು, ಓದಿದ್ರೇ ಗೊತ್ತಾಗತ್ತೆ. ಆದ್ರೆ ಮೇಯರ್ ಕಡೆಯಿಂದ ಹೇಳಿಸ್ತೀನಿ, ಶಾಸಕರ ಕಡೆಯಿಂದ ಹೇಳಿಸ್ತೀನಿ ಅನ್ನೋದು ಉತ್ತರ ಅಲ್ಲ, ಆರ್ಡರ್ ಬರೋದು ಸಾಮಾನ್ಯವಾಗಿ ಆಯುಕ್ತರ ಸಹಿಯಲ್ಲಿ. ಮೈಸೂರು ಪಾಲಿಕೇಲಿ 2023ರ ನವೆಂಬರಲ್ಲಿ ಕೌನ್ಸಿಲ್ ಅವಧಿ ಮುಗಿದು ಮೇಯರ್ ಕುರ್ಚಿ ಖಾಲಿ ಆಯ್ತಲ್ಲ, ನೋಟಿಸ್ ನಿಂತ್ವಾ? ಇನ್ನು ಕೆಲವ್ರು ವಾಟ್ಸಾಪ್ ಸ್ಟೇಟಸ್ಸಲ್ಲಿ ಆಯುಕ್ತರಿಗೆ ಬೈದು ವಿಡಿಯೋ ಹಾಕ್ತಾರೆ. ಬೈಯೋಕೆ ಮುಂಚೆ ರಾಜ್ಯ ಸರ್ಕಾರಿ ನೌಕರರ 2021ರ ನಡತೆ ನಿಯಮ ಒಂದ್ಸಲ ಓದಿ, ಒಂದು ಆರೋಪ ಇದ್ದಿದ್ದು ಎರಡಾಗತ್ತೆ.

ಅಮಾನತು ಆಗೋಯ್ತು ಅಂದ್ರೂ ಲೋಕ ಮುಳುಗಿಲ್ಲ. ಅದು ಶಿಕ್ಷೆ ಅಲ್ಲ, 1957ರ ಸಿಸಿಎ ನಿಯಮಗಳಲ್ಲಿ (ರಾಜ್ಯ ನೌಕರರ ವರ್ಗೀಕರಣ, ನಿಯಂತ್ರಣ, ಮೇಲ್ಮನವಿ ನಿಯಮಗಳು) ಅಮಾನತು 10ನೇ ನಿಯಮ, ದಂಡನೆಗಳ ಪಟ್ಟಿ 8ನೇದು, ಬೇರೆ ಬೇರೆ. ಮೂರು ತಿಂಗಳೊಳಗೆ ದೋಷಾರೋಪ ಪಟ್ಟಿ ಕೊಡದೆ ಅಮಾನತು ಎಳೀಬಾರ್ದು ಅಂತ 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ನಿಮ್ಮ ಕೇಸಿಗೆ ಅದು ಹೊಂದತ್ತಾ ಅನ್ನೋದು ಫೈಲ್ ನೋಡಿ ಹೇಳ್ಬೇಕು. ಗುತ್ತಿಗೆ ನೌಕರರದ್ದು ಬೇರೆ ಕಥೆ, ಇಲ್ಲಿ ಬೇಡ. ಜೀವನಾಧಾರ ಭತ್ಯೆ, ಅಂದ್ರೆ ಅಮಾನತಲ್ಲಿದ್ದಾಗ ಸಂಬಳದ ಬದಲು ಸಿಗೋ ದುಡ್ಡು, ಬಿಡಬೇಡಿ. ಕೆಜಿಎಫ್‌ನ ಭಾರತ್ ಗೋಲ್ಡ್ ಮೈನ್ಸಿನ ಅಧಿಕಾರಿಯೊಬ್ಬರಿಗೆ ಅಮಾನತಲ್ಲಿ ಭತ್ಯೆ ಕೊಡದೆ, ಅವ್ರು ಕೇರಳದಿಂದ ಬರೋಕಾಗದೆ, ಏಕಪಕ್ಷೀಯವಾಗಿ ವಿಚಾರಣೆ ಮುಗಿಸಿ ವಜಾ ಮಾಡಿದ್ರು, 1999ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡ್ತು. ಭತ್ಯೆ ಬರ್ಬೇಕಂದ್ರೆ ಬೇರೆಲ್ಲೂ ಕೆಲಸ ಮಾಡ್ತಿಲ್ಲ ಅಂತ ನೀವು ಸರ್ಟಿಫಿಕೇಟ್ ಬರ್ದು ಕೊಡ್ಬೇಕು, ಕೊಟ್ಟು ಟಪಾಲು ಶಾಖೆ ಸೀಲ್ ಹಾಕಿಸ್ಕೊಳ್ಳಿ. ಆಮೇಲೆ, ಅಮಾನತಾದ ವಾರಕ್ಕೇ ಹರಕೆ ಅಂತ ಧರ್ಮಸ್ಥಳದ ಬಸ್ ಹತ್ತೋರು ಬಹಳ ಜನ ಇದೀರಿ. ಅನುಮತಿ ಇಲ್ದೆ ಕೇಂದ್ರಸ್ಥಾನ (ಅಮಾನತಲ್ಲಿ ನೀವಿರಬೇಕಾದ ಊರು) ಬಿಡಂಗಿಲ್ಲ ಅಂತ ಆ ಆರ್ಡರಲ್ಲೇ ಬರ್ದಿರತ್ತೆ, ಕೊನೇ ಪ್ಯಾರಾ ನೋಡಿ, ಲೆಟರ್ ಕೊಟ್ಟು ಪರ್ಮಿಷನ್ ಸಿಕ್ಕಿದ ಮೇಲೆ ಹೋಗಿ ಬನ್ನಿ.