ಇಪಿಎನ್: ಬೇರುಹುಳುವನ್ನು ಕೊಲ್ಲುವ ಜಂತುಹುಳು

ಜಂತುಹುಳು ಅಂದ ಕೂಡಲೇ ಟೊಮೆಟೊ ಬೆಳೆಯುವವರಿಗೆ ಗಂಟುಗಂಟಾದ ಬೇರು ನೆನಪಾಗುತ್ತದೆ, ಕಾಳುಮೆಣಸಿನವರಿಗೆ ಹಳದಿ ತಿರುಗಿದ ಬಳ್ಳಿ. ಅಂಥದ್ದನ್ನು ದುಡ್ಡು ಕೊಟ್ಟು ತಂದು ತೋಟಕ್ಕೆ ಬಿಡಿ ಅಂದರೆ ಯಾರಿಗಾದರೂ ಗಾಬರಿ ಆಗುತ್ತದೆ ಅಲ್ವಾ? ಆದರೆ ಇಪಿಎನ್ ಬೇರೆಯೇ ಗುಂಪಿನ ಜೀವಿ. ಅದು ಬೇರನ್ನು ಮುಟ್ಟುವುದಿಲ್ಲ. ಬೇರು ತಿನ್ನುವ ಹುಳುವಿನ ಮೈಯೊಳಗೆ ಹೊಕ್ಕು ಅದನ್ನು ಸಾಯಿಸುತ್ತದೆ. ಇಪಿಎನ್ ಅಂದರೆ ಎಂಟಮೊಪ್ಯಾಥೊಜೆನಿಕ್ ನೆಮಟೋಡ್, ಕೀಟಗಳಿಗೆ ರೋಗ ತರುವ ಜಂತುಹುಳು ಎಂಬುದು ಇದರ ಅರ್ಥ.

ಉದ್ದ ಸುಮಾರು ಅರ್ಧದಿಂದ ಒಂದು ಮಿಲಿಮೀಟರ್. ಬರಿಗಣ್ಣಿಗೆ ಸರಿಯಾಗಿ ಕಾಣದು. ಬಳಕೆಯಲ್ಲಿರುವುದು ಮುಖ್ಯವಾಗಿ ಎರಡು ಕುಲ: ಸ್ಟೈನರ್ನೀಮಾ ಮತ್ತು ಹೆಟೆರೊರಾಬ್ಡೈಟಿಸ್. ಎರಡನೆಯದರಲ್ಲಿ ಇಂಡಿಕಾ ಎಂಬ ಜಾತಿಯನ್ನು ಕೊಯಮತ್ತೂರಿನ ಕಡೆಯ ಮಣ್ಣಿನಿಂದ ಗುರುತಿಸಿ 1992ರಲ್ಲಿ ಹೆಸರಿಟ್ಟರು. ನಮ್ಮ ಬಿಸಿಲಿನ ನಾಡಿಗೆ ಒಗ್ಗಿದ ಜಾತಿ. ಬೆಂಗಳೂರಿನ ಹೆಬ್ಬಾಳದಲ್ಲಿರುವ, ಕೃಷಿ ಕೀಟಗಳ ಬಗ್ಗೆ ಸಂಶೋಧನೆ ಮಾಡುವ ಕೇಂದ್ರ ಸಂಸ್ಥೆ ಎನ್‌ಬಿಎಐಆರ್ ಇದನ್ನು ಪುಡಿಯ ರೂಪಕ್ಕೆ ತಂದಿದೆ.

ಕೊಲ್ಲುವ ಕೆಲಸವನ್ನು ನಿಜವಾಗಿ ಮಾಡುವುದು ಜಂತುಹುಳುವಿನ ಕರುಳಲ್ಲಿರುವ ಬ್ಯಾಕ್ಟೀರಿಯಾ. ಮಣ್ಣಿನಲ್ಲಿ ಓಡಾಡುವ ಮರಿಗೆ ಬಾಯಿ ಮುಚ್ಚಿರುತ್ತದೆ, ಊಟವಿಲ್ಲ. ಬೇರುಹುಳು ಸಿಕ್ಕಿದರೆ ಅದರ ಬಾಯಿ, ಗುದ ಅಥವಾ ಉಸಿರಾಟದ ರಂಧ್ರದ ಮೂಲಕ ಒಳಗೆ ನುಗ್ಗಿ ಬ್ಯಾಕ್ಟೀರಿಯಾವನ್ನು ರಕ್ತಕ್ಕೆ ಬಿಡುತ್ತದೆ. ಹುಳು ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಸಾಯುತ್ತದೆ. ಹೆಟೆರೊರಾಬ್ಡೈಟಿಸ್‌ನಿಂದ ಸತ್ತದ್ದು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಕೊಳೆತು ನಾರುವುದಿಲ್ಲ, ಯಾಕೆಂದರೆ ಬೇರೆ ಸೂಕ್ಷ್ಮಜೀವಿಗಳು ಬಾರದಂತೆ ಆ ಬ್ಯಾಕ್ಟೀರಿಯಾವೇ ಕಾಯುತ್ತದೆ. ಪೂರ್ತಿ ಕತ್ತಲಲ್ಲಿ ಕಣ್ಣು ಹೊಂದಿಸಿಕೊಂಡು ನೋಡಿದರೆ ಸತ್ತ ಹುಳು ಮಂದವಾಗಿ ಹೊಳೆಯುವುದೂ ಉಂಟು. ಅದೇ ಹೆಣದೊಳಗೆ ಜಂತುಹುಳು ಸಂಸಾರ ಹೂಡಿ, ಸುಮಾರು ಎರಡು ವಾರದಲ್ಲಿ ಸಾವಿರಗಟ್ಟಲೆ ಮರಿಗಳಾಗಿ ಹೊರಬರುತ್ತದೆ. ಹಾಗಾಗಿ ತೋಟದಲ್ಲಿ ಅಂಥ ಕೆಂಪು ಹುಳು ಸಿಕ್ಕರೆ ಎಸೆಯಬೇಡಿ, ಮಣ್ಣು ಮುಚ್ಚಿ ಬಿಡಿ.

ಮಲೆನಾಡಿನ ಅಡಿಕೆ ತೋಟಕ್ಕೆ ಇದು ಬಹಳ ಹೊಂದುವ ಉಪಾಯ. ಮಳೆ ಹಿಡಿಯುವ ಹೊತ್ತಿಗೆ ದುಂಬಿಗಳು ಸಂಜೆ ಮಣ್ಣಿನಿಂದ ಹೊರಬಂದು ಮೊಟ್ಟೆ ಇಡುತ್ತವೆ. ಆ ದುಂಬಿಗಳ ಮರಿಗಳೇ ಬೇರುಹುಳು, ಬೇರು ತಿಂದು ಬೆಳೆಯುತ್ತವೆ. ಸೋಗೆ ಹಳದಿಯಾಗಿ, ಮರ ಕೈಯಲ್ಲಿ ಅಲುಗಾಡುವ ಹೊತ್ತಿಗೆ ಹುಳು ಹೆಬ್ಬೆರಳು ಗಾತ್ರ ಆಗಿರುತ್ತದೆ. ಆಗ ಇಪಿಎನ್ ಹಾಕಿದರೆ ಫಲ ಕಡಿಮೆ. ಮರಿಹುಳು ಸಣ್ಣದಿರುವಾಗ, ಮಣ್ಣಿನಲ್ಲಿ ಪಸೆ ಇರುವಾಗ ಹಾಕಬೇಕು. ಕಬ್ಬಿನ ಬೇರು ತಿನ್ನುವ ಗೊಣ್ಣೆಹುಳುವಿಗೂ ಇದೇ ಮಾತು.

ಇಲ್ಲೇ ಜಾಸ್ತಿ ಜನ ಎಡವುವುದು. ಇದು ಔಷಧಿ ಅಲ್ಲ, ಜೀವ ಇರುವ ಪ್ರಾಣಿ. ಬಿಸಿಲು ಬಿದ್ದರೆ ಸಾಯುತ್ತದೆ, ಒಣಗಿದರೂ ಸಾಯುತ್ತದೆ. ಪ್ಯಾಕೆಟ್ಟನ್ನು ಗಾಡಿಯ ಡಿಕ್ಕಿಯಲ್ಲಿ ಬಿಸಿಲಿಗೆ ಬಿಟ್ಟರೆ ಮನೆಗೆ ತಂದದ್ದು ಬರೀ ಪುಡಿ. ಹಾಕುವ ಮೊದಲು ಚಿಟಿಕೆ ಪುಡಿಯನ್ನು ನೀರಿಗೆ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಭೂತಗನ್ನಡಿಯಲ್ಲಿ ನೋಡಿ. ಹಾವಿನಂತೆ ಹೊರಳಾಡುವ ಎಳೆಗಳು ಕಾಣಬೇಕು. ನೇರಕ್ಕೆ ಕಡ್ಡಿಯಂತೆ ಬಿದ್ದಿದ್ದರೆ ಬಹುತೇಕ ಸತ್ತಿವೆ.

ಪುಡಿಯನ್ನು ನೀರಿಗೆ ಕಲಸಿ, ಬಿಸಿಲು ಇಳಿದ ಮೇಲೆ ಹಾಕಿ. ಪಂಪಿನ ಒಳಗಿನ ಜಾಲರಿ ತೆಗೆಯಿರಿ, ನಾಝಲ್‌ನ ತೂತು ದೊಡ್ಡದಿರಲಿ. ಜಂತುಹುಳುಗಳು ತಳಕ್ಕೆ ಇಳಿದು ಕೂರುತ್ತವೆ, ಆದ್ದರಿಂದ ಆಗಾಗ ಕಲಕುತ್ತಿರಿ. ಕಲಸಿದ್ದನ್ನು ಮರುದಿನಕ್ಕೆ ಇಡಬೇಡಿ. ಮಣ್ಣು ಒದ್ದೆಯಾಗುವಷ್ಟು ಬುಡಕ್ಕೆ ಸುರಿದು, ಮುಂದಿನ ಒಂದೆರಡು ವಾರ ಪಸೆ ಆರದಂತೆ ನೋಡಿಕೊಳ್ಳಿ. ಬೇರುಗಂಟಿಗೆಂದು ಜಂತುಹುಳುನಾಶಕ ಹಾಕಿದ ಮಣ್ಣಿಗೆ ಇದನ್ನು ಬಿಡುವುದು ಸುಮ್ನೆ ದಂಡ. ಎರೆಹುಳುವಿಗೆ, ದನಕರುಗಳಿಗೆ, ಹಾಕುವವರಿಗೆ ಇದರಿಂದ ತೊಂದರೆ ಇಲ್ಲ. ನನಗೆ ಇದರಲ್ಲಿ ಎಲ್ಲಕ್ಕಿಂತ ಹಿಡಿಸುವ ಗುಣ ಅದು. ತೋಟದ ನೀರೇ ಬಾವಿಗೂ ಇಳಿಯುವ ಊರುಗಳಲ್ಲಿ ಅದು ಸಣ್ಣ ವಿಷಯ ಅಲ್ಲ.

ಎಲೆಗೆ ಸಿಂಪಡಿಸಿದರೆ ಬೇಗ ಒಣಗಿ ಹೋಗುತ್ತವೆ. ಮೆಕ್ಕೆಜೋಳದ ಸುಳಿ ಮಾತ್ರ ಬೇರೆ. ಅಲ್ಲಿ ನೀರು ನಿಲ್ಲುತ್ತದೆ, ನೆರಳೂ ಇದೆ. 2018ರಲ್ಲಿ ಶಿವಮೊಗ್ಗದಲ್ಲಿ ದೇಶದಲ್ಲೇ ಮೊದಲು ಕಾಣಿಸಿದ ಫಾಲ್ ಸೈನಿಕ ಹುಳು ಅವಿತು ತಿನ್ನುವುದೂ ಅದೇ ಸುಳಿಯಲ್ಲಿ. ಹಾಗಾಗಿ ಅದರ ಮೇಲೂ ಇಪಿಎನ್ ಪ್ರಯೋಗ ನಡೆದಿದೆ.

ಅಡಿಕೆಯಲ್ಲಿ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಪಕ್ಕದ ತೋಟದಿಂದ ದುಂಬಿ ಹಾರಿ ಬರುತ್ತದೆ. ಮುಂಗಾರಿನ ಶುರುವಿನಲ್ಲಿ ಅಕ್ಕಪಕ್ಕದವರೆಲ್ಲ ಸೇರಿ ಸಂಜೆ ದುಂಬಿ ಹಿಡಿದು ಕೊಂದು, ಆಮೇಲೆ ಒಟ್ಟಿಗೇ ಇಪಿಎನ್ ಹಾಕಿದರೆ ಕೆಲಸ ಹಗುರ.