ಜಗ್ಗಿನ ನೀರಿಗೆ ಮೀಟರ್ ಅದ್ದುವವರಿಗೆ

ಪಾವಗಡದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಕಳೆದ ತಿಂಗಳು ನೀರು ಪರೀಕ್ಷಿಸುವ ನಮ್ಮ ಪ್ರಯೋಗಾಲಯಕ್ಕೆ ಬಂದಾಗ ಕೈಯಲ್ಲಿ ನೂರು ಪುಟದ ಒಂದು ನೋಟ್‌ಬುಕ್ ಇತ್ತು. ಅದರಲ್ಲಿ ಮೂರು ವಾರದ ಲೆಕ್ಕ: ಎಡಕ್ಕೆ ಕೊಳವೆಬಾವಿ ನೀರಿನ ಟಿಡಿಎಸ್ (ಅಂದರೆ ನೀರಿನಲ್ಲಿ ಕರಗಿರುವ ಒಟ್ಟು ವಸ್ತು, ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು), ಬಲಕ್ಕೆ ಫಿಲ್ಟರ್ ಜಗ್ಗಿನಿಂದ ಇಳಿದ ನೀರಿನ ಟಿಡಿಎಸ್. ಮೊದಲ ದಿನ 640 ಇದ್ದದ್ದು 470ಕ್ಕೆ ಇಳಿದಿತ್ತು. "ನೋಡಮ್ಮಾ, ಐನೂರರ ಒಳಗೆ ಬಂದಿದೆ. ಮೊಮ್ಮಕ್ಕಳಿಗೆ ಇದನ್ನೇ ಕುಡಿಸುತ್ತಿದ್ದೇವೆ," ಎಂದರು. ಅಕ್ಷರ ಮುತ್ತಿನಂತಿತ್ತು, ಒಂದು ದಿನವೂ ತಪ್ಪಿರಲಿಲ್ಲ. ಅಷ್ಟು ಶ್ರದ್ಧೆಯಿಂದ ಬರೆದಿಟ್ಟ ಅಂಕಿಗಳು ಅವರು ತಿಳಿಯಬೇಕಾದುದನ್ನು ಹೇಳುತ್ತಲೇ ಇರಲಿಲ್ಲ ಎಂಬುದು ನನಗೆ ಸಂಕಟ ತಂದಿತು.

ಅವರ ಎರಡೂ ಮಾದರಿಗಳಲ್ಲಿ ಫ್ಲೋರೈಡ್ ಪರೀಕ್ಷಿಸಿದೆ, ಹೆಚ್ಚಾದರೆ ಹಲ್ಲು ಮೂಳೆ ಕೆಡಿಸುವ ಲವಣಾಂಶ ಅದು. ಜಗ್ಗಿಗೆ ಸುರಿಯುವ ಮುನ್ನ ಲೀಟರಿಗೆ 2.6 ಮಿಲಿಗ್ರಾಂ, ಸೋಸಿದ ಮೇಲೆಯೂ 2.6. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಫ್ಲೋರೈಡನ್ನು 1 ಮಿಲಿಗ್ರಾಂಗೆ ನಿಲ್ಲಿಸಲು ಹೇಳುತ್ತದೆ. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪುತ್ತದೆ, ಅದಕ್ಕಿಂತ ಮುಂದಕ್ಕಿಲ್ಲ. ದೊಡ್ಡ ಮೊಮ್ಮಗನ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳಿವೆ ಎಂದು ಅವರೇ ಮಾತಿನ ನಡುವೆ ಹೇಳಿದರು. ಹಲ್ಲಿನ ಕಲೆಗೆ ಬೇರೆ ಕಾರಣಗಳೂ ಇರುತ್ತವೆ, ದಂತವೈದ್ಯರಿಗೆ ತೋರಿಸಿ ಎಂದೆ. ಆದರೆ ಆ ನೀರನ್ನು ಮಕ್ಕಳಿಗೆ ಇನ್ನು ಕೊಡಬೇಡಿ ಎಂದು ಹೇಳಲು ವೈದ್ಯರಿಗಾಗಿ ಕಾಯಲಿಲ್ಲ.

ಇದೊಂದೇ ಮನೆಯ ಕಥೆಯಾಗಿದ್ದರೆ ಬರೆಯುತ್ತಿರಲಿಲ್ಲ. ವಾರಕ್ಕೆ ನಾಲ್ಕೈದು ಜನ ಇದೇ ಪ್ರಶ್ನೆ ಹಿಡಿದು ಬರುತ್ತಾರೆ: ಜಗ್ ತಂದೆವು, ಮೀಟರ್ ಅದ್ದಿದೆವು, ಅಂಕಿ ಇಳಿಯಿತು, ನೀರು ಶುದ್ಧವಾಯಿತಲ್ಲವೇ? ಇನ್ನು ಕೆಲವರು ಅಂಕಿ ಇಳಿಯಲಿಲ್ಲವೆಂದು ಒಳ್ಳೆಯ ಜಗ್ಗನ್ನೇ ಅಟ್ಟಕ್ಕೆ ಹಾಕಿರುತ್ತಾರೆ. ಎರಡೂ ಬಗೆಯವರು ಕೈಯಲ್ಲಿರುವ ಆ ಪೆನ್ನಿನಂಥ ಮೀಟರನ್ನು ನ್ಯಾಯಾಧೀಶನ ಸ್ಥಾನದಲ್ಲಿ ಕೂರಿಸಿದ್ದಾರೆ.

ಆ ಮೀಟರ್ ಮಾಡುವ ಕೆಲಸ ಒಂದೇ. ಅದರ ತುದಿಯಲ್ಲಿರುವ ಎರಡು ಲೋಹದ ಕಡ್ಡಿಗಳ ನಡುವೆ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ನೋಡುತ್ತದೆ, ಆಮೇಲೆ ಅದನ್ನೊಂದು ಅಂದಾಜಿನ ಗುಣಕದಿಂದ ಗುಣಿಸಿ ಟಿಡಿಎಸ್ ಎಂದು ತೋರಿಸುತ್ತದೆ. ನೀರಿನಲ್ಲಿ ಏನು ಕರಗಿದೆ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಅನುಮಾನವಿದ್ದವರು ಅಡುಗೆಮನೆಯಲ್ಲೇ ನೋಡಿ. ಒಂದು ಲೋಟ ನೀರಿಗೆ ಎರಡು ಚಮಚ ಸಕ್ಕರೆ ಕದಡಿ ಮೀಟರ್ ಅದ್ದಿ. ಅಂಕಿ ಬಹುತೇಕ ಇದ್ದಲ್ಲೇ ಇರುತ್ತದೆ, ಏಕೆಂದರೆ ಸಕ್ಕರೆ ವಿದ್ಯುತ್ತನ್ನು ಸಾಗಿಸುವುದಿಲ್ಲ. ಒಂದು ಲೀಟರ್ ನೀರಿಗೆ ಒಂದು ಗ್ರಾಂ ಅಡುಗೆ ಉಪ್ಪು ಹಾಕಿ. ಅಂಕಿ ಸುಮಾರು ಸಾವಿರ ಏರುತ್ತದೆ. ಈಗ ಒಂದು ಎಳನೀರು ಕೊಚ್ಚಿಸಿ ಅದರಲ್ಲಿ ಅದ್ದಿ. ಪೊಟ್ಯಾಸಿಯಂ ತುಂಬಿದ ಎಳನೀರು ಸಾವಿರವನ್ನು ದಾಟಿ ಹೋಗುತ್ತದೆ. ಎಳನೀರನ್ನು ಯಾರೂ ವಿಷವೆನ್ನುವುದಿಲ್ಲವಲ್ಲ. ಮೊದಲ ಮಳೆಯಲ್ಲಿ ಚರಂಡಿ ಬೆರೆತ ಹೊಂಡದ ನೀರಿಗೆ ಮೀಟರ್ 150 ಎಂದು ತೋರಿಸಬಹುದು. ಅದನ್ನು ಕುಡಿದ ಮಗುವಿಗೆ ವಾಂತಿಭೇದಿ ಶುರುವಾದರೆ ಆ ಅಂಕಿಯನ್ನು ಏನು ಮಾಡುವುದು? ನೂರು ಮಿಲಿಲೀಟರ್ ನೀರಿನಲ್ಲಿ ಮಲಮೂಲದ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಒಂದೂ ಕಾಣಬಾರದು ಎನ್ನುತ್ತದೆ ಮಾನಕ. ಲಕ್ಷ ಇದ್ದರೂ ಮೀಟರಿನ ಅಂಕಿ ಅಲುಗುವುದಿಲ್ಲ.

ಫ್ಲೋರೈಡಿನ ಕಥೆಯೂ ಅಷ್ಟೇ. ಅದಕ್ಕೆ ವಿದ್ಯುತ್ತನ್ನು ಸಾಗಿಸುವ ಗುಣವಿದೆ, ನಿಜ. ಆದರೆ 640ರ ನಡುವೆ ಎರಡು ಮೂರು ಮಿಲಿಗ್ರಾಂ ಎಲ್ಲಿ ಕಾಣಬೇಕು? ಒಂದೇ ಲೋಟದ ನೀರಿಗೆ ಎರಡು ಸಲ ಅದ್ದಿದರೆ ಈ ಅಗ್ಗದ ಮೀಟರುಗಳಲ್ಲಿ ಅದಕ್ಕಿಂತ ಹೆಚ್ಚಿನ ವ್ಯತ್ಯಾಸ ಬರುತ್ತದೆ.

ಹಾಗಾದರೆ ಜಗ್ಗಿನಲ್ಲಿ ಇಳಿದದ್ದು ಏನು? ಗಡಸುತನದ ಒಂದು ಪಾಲು. ಸಾಮಾನ್ಯ ಫಿಲ್ಟರ್ ಜಗ್ಗಿನ ಕಾರ್ಟ್ರಿಡ್ಜಿನಲ್ಲಿ ಎರಡು ವಸ್ತುಗಳಿರುತ್ತವೆ. ಒಂದು, ಹೆಚ್ಚಾಗಿ ತೆಂಗಿನ ಚಿಪ್ಪಿನಿಂದ ಮಾಡಿದ ಸಕ್ರಿಯ ಇದ್ದಿಲು. ಕ್ಲೋರಿನ್ ವಾಸನೆಯನ್ನು ತೆಗೆಯುವುದು ಇದು. ಇನ್ನೊಂದು, ಸಣ್ಣ ಮಣಿಗಳಂಥ ರಾಳ. ಇದು ಸುಣ್ಣದ ಅಂಶವಾದ ಕ್ಯಾಲ್ಸಿಯಮನ್ನು ಹಿಡಿದಿಟ್ಟು ಬದಲಿಗೆ ಹೈಡ್ರೋಜನ್ ಬಿಡುತ್ತದೆ. ಕೆಟಲಿನಲ್ಲಿ ಬಿಳಿ ಪದರ ಕಟ್ಟುವುದು ಕಡಿಮೆಯಾಗುತ್ತದೆ, ಚಹಾದ ಮೇಲಿನ ಕೆನೆಯಂಥ ಪೊರೆ ಹೋಗುತ್ತದೆ. 1966ರಲ್ಲಿ ಶುರುವಾದ ಬ್ರಿಟಾದಂಥ ಜರ್ಮನ್ ಕಂಪನಿಗಳು ಈ ಜಗ್ಗನ್ನು ಮನೆಮನೆಗೆ ತಂದದ್ದು, ನಲ್ಲಿ ನೀರನ್ನು ಹಾಗೆಯೇ ಕುಡಿಯಬಹುದಾದ, ಆದರೆ ಆ ನೀರು ಗಡಸಾಗಿರುವ ಊರುಗಳಿಗೆ. ರುಚಿ ತಿದ್ದುವ ಸಾಧನವಾಗಿ ಅದು ನಿಜಕ್ಕೂ ಚೆನ್ನಾಗಿದೆ. ನಮ್ಮ ಕೊಳವೆಬಾವಿಗಳನ್ನು ನೋಡಿ ಅದನ್ನು ಯಾರೂ ಮಾಡಿದ್ದಲ್ಲ.

ಇಷ್ಟನ್ನು ಓದಿ ಹೇಳುತ್ತಿಲ್ಲ. ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿರುವ ನನ್ನ ತಂಗಿ ಒಂದು ಜಗ್ ತಂದುಕೊಟ್ಟಳು. ಒಂದು ತಿಂಗಳು ಮನೆಯಲ್ಲಿಟ್ಟು ಪರೀಕ್ಷಿಸಿದೆ. ಮೊದಲ ಎರಡು ಸಲದ ನೀರನ್ನು ಗಿಡಕ್ಕೆ ಹಾಕಿದೆ, ಅದರಲ್ಲಿ ಇದ್ದಿಲಿನ ಕಪ್ಪು ಪುಡಿ ಬರುತ್ತದೆ. ನಮಗೆ ಬರುವುದು ತುಮಕೂರಿನ ಬುಗುಡನಹಳ್ಳಿ ಕೆರೆಯಿಂದ ಶುದ್ಧೀಕರಿಸಿ ಬಿಡುವ ಹೇಮಾವತಿ ನೀರು. ಕ್ಲೋರಿನ್ ವಾಸನೆ ಒಂದೇ ಸುರುವಿಗೆ ಹೋಯಿತು, ಕಾಫಿ ಡಿಕಾಕ್ಷನ್ ಬೇರೆಯೇ ಘಮ ಕೊಟ್ಟಿತು ಎಂದು ನನ್ನ ಅತ್ತೆ ಮೆಚ್ಚಿದರು. ಪಕ್ಕದ ಮನೆಯ ಕೊಳವೆಬಾವಿ ನೀರನ್ನೂ ಸುರಿದು ನೋಡಿದೆ. ಮೊದಲ ದಿನ ಗಡಸುತನ ಲೀಟರಿಗೆ 420 ಮಿಲಿಗ್ರಾಂನಿಂದ 230ಕ್ಕೆ ಇಳಿಯಿತು, ಮೂರನೆಯ ವಾರದಲ್ಲಿ 380ಕ್ಕೂ ಇಳಿಯಲಿಲ್ಲ. ರಾಳ ತುಂಬಿಹೋದ ಮೇಲೆ ಅದು ಬರೀ ಬುಟ್ಟಿ. ಮೇಷ್ಟ್ರ ನೋಟ್‌ಬುಕ್ಕಿನಲ್ಲೂ ಕೊನೆಯ ಪುಟಕ್ಕೆ ಬರುವಾಗ 470 ಮೆಲ್ಲಗೆ 610 ಆಗಿತ್ತು.

ಆ ತಿಂಗಳಲ್ಲಿ ನನ್ನನ್ನು ಚಿಂತೆಗೆ ಹಚ್ಚಿದ್ದು ಬೇರೆ. ಕ್ಲೋರಿನ್ ಹೋಯಿತೆಂದು ನಾವು ಸಂತೋಷಪಡುತ್ತೇವೆ, ಆದರೆ ನಲ್ಲಿಯ ತುದಿಯವರೆಗೆ ನೀರನ್ನು ಕಾಯುವ ಕಾವಲುಗಾರ ಅದೇ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಲಿ ಎಂದು ಮಾನಕ ಕೇಳುವುದು ಅದಕ್ಕಾಗಿಯೇ. ಜಗ್ಗಿನಿಂದ ಇಳಿದ ನೀರಿಗೆ ಆ ಕಾವಲಿಲ್ಲ. ಅದನ್ನು ಒಲೆಯ ಪಕ್ಕ ಎರಡು ದಿನ ಬಿಟ್ಟು, ಮಕ್ಕಳು ಲೋಟ ಅದ್ದಿ ತೆಗೆದರೆ, ಸೋಸದ ನಲ್ಲಿ ನೀರೇ ವಾಸಿಯಾಗಿತ್ತು ಎನ್ನುವ ಸ್ಥಿತಿ ಬರಬಹುದು. ಅನೇಕ ಕಾರ್ಟ್ರಿಡ್ಜುಗಳಲ್ಲಿ ಸ್ವಲ್ಪ ಬೆಳ್ಳಿ ಸೇರಿಸಿರುತ್ತಾರೆ. ಅದು ಕಾರ್ಟ್ರಿಡ್ಜಿನೊಳಗೆ ಕ್ರಿಮಿ ಬೆಳೆಯದಂತೆ ತಡೆಯಲು. ಸುರಿದ ನೀರಿನ ಕ್ರಿಮಿಯನ್ನು ಕೊಲ್ಲಲು ಅಲ್ಲ. ಸೋಸಿದ ನೀರನ್ನು ಫ್ರಿಜ್ಜಿನಲ್ಲಿಟ್ಟು ದಿನದೊಳಗೆ ಮುಗಿಸಿ. ಕಾರ್ಟ್ರಿಡ್ಜ್ ಹಾಕಿದ ದಿನಾಂಕವನ್ನು ಚೀಟಿಯಲ್ಲಿ ಬರೆದು ಜಗ್ಗಿಗೇ ಅಂಟಿಸಿ. ಬಹುಪಾಲು ತಯಾರಕರು ಹೇಳುವುದು ನಾಲ್ಕು ವಾರ ಅಥವಾ ನೂರರಿಂದ ನೂರೈವತ್ತು ಲೀಟರ್. ನಮ್ಮ ಗಡಸು ನೀರಿಗೆ ಅಷ್ಟೂ ಬರಲಾರದು.

ಕುದಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಕ್ರಿಮಿಗೆ ಕುದಿಸುವುದಕ್ಕಿಂತ ನಂಬಿಕೆಯ ಉಪಾಯವಿಲ್ಲ. ಫ್ಲೋರೈಡ್, ಗೊಬ್ಬರ ಚರಂಡಿಗಳಿಂದ ಸೇರುವ ನೈಟ್ರೇಟ್ ಇದ್ದರೆ ಮಾತ್ರ ಕುದಿಸಿದಷ್ಟೂ ನೀರು ಆವಿಯಾಗಿ ಅವು ಗಟ್ಟಿಯಾಗುತ್ತವೆ. ಅವುಗಳಿಗೆ ನೀರನ್ನು ಒತ್ತಡದಿಂದ ಸೂಕ್ಷ್ಮ ಪೊರೆಯ ಮೂಲಕ ಹಾಯಿಸುವ ಆರ್‌ಒ ಬೇಕು. ಫ್ಲೋರೈಡಿಗಾದರೆ ಅದನ್ನು ಹಿಡಿದಿಡುವ ಸಕ್ರಿಯ ಅಲ್ಯೂಮಿನಾ ಎಂಬ ಕಾಳುಗಳ ಫಿಲ್ಟರ್ ಕೂಡ ಆಗುತ್ತದೆ. ಫ್ಲೋರೈಡ್ ತೆಗೆಯುವ ವಿಶೇಷ ಜಗ್ ಎಂದು ಮಾರುವವರು ಬಂದರೆ ಪರೀಕ್ಷಾ ವರದಿ ಕೇಳಿ, ಆಮೇಲೆ ನಿಮ್ಮದೇ ನೀರನ್ನು ಅದರಲ್ಲಿ ಸೋಸಿ ತನ್ನಿ.

ತರುವಾಗ ದಯವಿಟ್ಟು ತಂಪುಪಾನೀಯದ ಹಳೆಯ ಬಾಟಲಿಯಲ್ಲಿ ತರಬೇಡಿ. ಕ್ರಿಮಿ ಪರೀಕ್ಷೆಗೆ ಪ್ರಯೋಗಾಲಯದಿಂದಲೇ ಬಾಟಲಿ ಒಯ್ಯಿರಿ. ಅದರ ತಳದಲ್ಲಿ ಕ್ಲೋರಿನ್ ಕಳೆಯುವ ಔಷಧ ಇರುತ್ತದೆ, ಕೊಳೆಯೆಂದು ತೊಳೆದುಬಿಡಬೇಡಿ. ಬಾಟಲಿಯನ್ನು ತಂಪಾಗಿಟ್ಟು ಅದೇ ದಿನ ತಲುಪಿಸಿ. ಖಾಸಗಿಯವರಲ್ಲೇ ಮಾಡಿಸಬೇಕೆಂದಿಲ್ಲ, ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಗಳು ಜಿಲ್ಲೆಗಳಲ್ಲಿವೆ. ಕೊಳವೆಬಾವಿಯಾದರೆ ಫ್ಲೋರೈಡ್, ನೈಟ್ರೇಟ್, ಗಡಸುತನ, ಕ್ರಿಮಿ, ಈ ನಾಲ್ಕನ್ನಾದರೂ ಕೇಳಿ ಮಾಡಿಸಿ.

ಮೇಷ್ಟ್ರು ಈಗ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ದಿನಕ್ಕೊಂದು ಕ್ಯಾನ್ ತರುತ್ತಾರೆ. ಮೊನ್ನೆ ಫೋನ್ ಮಾಡಿ, ಘಟಕದ ನೀರಿನ ಟಿಡಿಎಸ್ 60 ಎಂದು ಖುಷಿಯಿಂದ ಹೇಳಿದರು. "ಮೇಷ್ಟ್ರೇ, ಫ್ಲೋರೈಡ್ ಎಷ್ಟು?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೋಮವಾರ ತರುತ್ತೇನಮ್ಮಾ," ಎಂದರು. ಅವರ ಊರಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಎರಡು ಖಾಲಿ ಬಾಟಲಿ ಕಳುಹಿಸಿದ್ದೇನೆ.