ಎಲ್ಲರ ಎದುರು ಬಟ್ಟೆ ಬಿಚ್ಚಲೇಬೇಕಾ? ಜಪಾನಿನ ಹಳೆಯ ರಿಯೋಕಾನ್‌ಗೆ ಹೊರಟವರ ಪ್ರಶ್ನೆ

ಪ್ರಶ್ನೆ: ನಾನು, ನನ್ನ ಗಂಡ, ಅತ್ತೆ-ಮಾವ ಮತ್ತು ಎಂಟು ವರ್ಷದ ಮಗ ಜಪಾನಿಗೆ ಹೋಗುವವರಿದ್ದೇವೆ. ಒಂದು ರಾತ್ರಿಯಾದರೂ ಹಳೇ ಕಾಲದ ರಿಯೋಕಾನ್‌ನಲ್ಲಿ, ಅಂದರೆ ಜಪಾನಿ ಪದ್ಧತಿಯ ವಸತಿಗೃಹದಲ್ಲಿ ಉಳಿದು, ಬಿಸಿನೀರ ಬುಗ್ಗೆಯಲ್ಲಿ ಸ್ನಾನ ಮಾಡಬೇಕು ಅಂತ ಆಸೆ. ಆದರೆ ಅಲ್ಲಿ ಮೈಮೇಲೆ ಬಟ್ಟೆಯೇ ಇಲ್ಲದೆ ಗುರುತಿಲ್ಲದವರ ಜೊತೆ ನೀರಿಗೆ ಇಳಿಯಬೇಕಂತೆ. ನಿಜವಾ? ಅದು ನಮ್ಮಿಂದ ಆಗದಿದ್ದರೆ ಅಲ್ಲಿಗೆ ಹೋಗುವುದೇ ದಂಡವಾ?

ಉತ್ತರ: ದಂಡ ಅಲ್ಲ, ಖಂಡಿತ ಹೋಗಿ. ಎಲ್ಲರೂ ಸೇರುವ ದೊಡ್ಡ ತೊಟ್ಟಿಗೆ ಇಳಿಯುವುದಾದರೆ ಬಟ್ಟೆ ಇಲ್ಲದೆಯೇ ಇಳಿಯಬೇಕು, ಅದು ನಿಜ. ಸಾಮಾನ್ಯವಾಗಿ ಈಜುಡುಗೆ ಹಾಕುವಂತಿಲ್ಲ, ಟವೆಲ್ ಸುತ್ತಿಕೊಂಡು ಇಳಿಯುವಂತೆಯೂ ಇಲ್ಲ. ಆದರೆ ಬಹುತೇಕ ಕಡೆ ಗಂಡಸರಿಗೂ ಹೆಂಗಸರಿಗೂ ಸ್ನಾನದ ಜಾಗ ಬೇರೆ ಬೇರೆ. ಆ ತೊಟ್ಟಿಗೆ ಇಳಿಯಲೇಬೇಕು ಅಂತ ಯಾರೂ ಒತ್ತಾಯ ಮಾಡುವುದಿಲ್ಲ. ನಿಮ್ಮ ಮನೆಯವರು ಮಾತ್ರ ಒಳಗಿಂದ ಬಾಗಿಲು ಹಾಕಿಕೊಂಡು ಅದೇ ಬುಗ್ಗೆಯ ನೀರಿನಲ್ಲಿ ಸ್ನಾನ ಮಾಡುವ ಏರ್ಪಾಡು ಎಷ್ಟೋ ಹಳೆಯ ರಿಯೋಕಾನ್‌ಗಳಲ್ಲಿ ಇದೆ. ಅದಕ್ಕೆ ಅಲ್ಲಿ ಕಾಶಿಕಿರಿ ಅನ್ನುತ್ತಾರೆ. ಈ ಒಂದು ಪದ ನೆನಪಿಟ್ಟುಕೊಳ್ಳಿ, ರೂಮು ಬುಕ್ ಮಾಡುವಾಗ ಬೇಕಾಗುತ್ತದೆ.

ಹೀಗೆ ಹೇಳಿ ಮುಗಿಸಬಹುದಿತ್ತು. ಆದರೆ ಈ ನಿಯಮ ಯಾಕೆ ಬಂತು ಅಂತ ತಿಳಿದರೆ ಸಂಕೋಚ ಅರ್ಧ ಕಡಿಮೆಯಾಗುತ್ತದೆ. ಯಾವ ರಿಯೋಕಾನ್ ನಿಮಗೆ ಹೊಂದುತ್ತದೆ ಅನ್ನುವುದೂ ಗೊತ್ತಾಗುತ್ತದೆ.

ಹಳೆಯ ಒನ್ಸೆನ್ (ಬಿಸಿನೀರ ಬುಗ್ಗೆ) ರಿಯೋಕಾನ್‌ನಲ್ಲಿ ಮೊದಲು ಬಂದದ್ದು ನೀರು, ಆಮೇಲೆ ಮನೆ. ಯಾಮಾನಾಶಿ ಪ್ರಾಂತ್ಯದ ಬೆಟ್ಟಗಳ ನಡುವೆ ಕೇಯುನ್‌ಕಾನ್ ಅಂತ ಒಂದಿದೆ. ಅದು ಶುರುವಾದದ್ದು 705ರಲ್ಲಿ ಎಂಬುದು ಅವರ ಪರಂಪರೆಯ ಮಾತು. ಜಗತ್ತಿನ ಅತಿ ಹಳೆಯ ಹೋಟೆಲ್ ಎಂದು ಗಿನ್ನೆಸ್ 2011ರಲ್ಲಿ ಅದನ್ನು ದಾಖಲಿಸಿತು. ಇಶಿಕಾವಾ ಪ್ರಾಂತ್ಯದ ಅವಾಜು ಎಂಬಲ್ಲಿರುವ ಹೋಶಿ ಅದಕ್ಕಿಂತ ಸ್ವಲ್ಪ ಚಿಕ್ಕದು, 718ರದ್ದು. ಅಷ್ಟು ಹಿಂದೆ ಜನ ಆ ಕಾಡುಬೆಟ್ಟಕ್ಕೆ ಬಂದದ್ದು ಸುಮ್ನೆ ಊರು ನೋಡುವುದಕ್ಕಲ್ಲ. ಗಾಯ, ಕೀಲುನೋವು, ಚರ್ಮದ ಕಾಯಿಲೆ ವಾಸಿಯಾಗಲಿ ಅಂತ ಬರುತ್ತಿದ್ದರು. ಕೊಯ್ಲು ಮುಗಿಸಿದ ರೈತರು ಅಕ್ಕಿ ಹೊತ್ತು ತಂದು, ತಾವೇ ಬೇಯಿಸಿಕೊಂಡು, ದಿನಕ್ಕೆ ಹಲವು ಸಲ ನೀರಿಗಿಳಿದು ವಾರಗಟ್ಟಲೆ ಉಳಿಯುತ್ತಿದ್ದರು. ಈ ಪದ್ಧತಿಯ ಹೆಸರು ತೋಜಿ. ಏಳು ದಿನಕ್ಕೆ ಒಂದು ಸುತ್ತು ಅಂತ ಲೆಕ್ಕ, ಮೂರು ಸುತ್ತು ಮುಗಿದರೆ ಪೂರ್ತಿ ಚಿಕಿತ್ಸೆ ಆದ ಹಾಗೆ. ಅಂಥ ಜಾಗದಲ್ಲಿ ಬರಿಮೈ ಅನ್ನುವುದು ನೋಡುವ ವಿಷಯವೇ ಆಗಿರಲಿಲ್ಲ. ಗಂಡಸರು, ಹೆಂಗಸರು ಒಂದೇ ತೊಟ್ಟಿಯಲ್ಲಿ ಮೀಯುವುದೂ ಸಾಮಾನ್ಯವಾಗಿತ್ತು. ಎದೋ (ಈಗಿನ ಟೋಕಿಯೋ) ನಗರದ ಸ್ನಾನಗೃಹಗಳಲ್ಲಿ ಅದನ್ನು 1791ರಲ್ಲಿ ನಿಷೇಧಿಸಿದರು. ಆದರೂ ಪೂರ್ತಿ ನಿಲ್ಲಲಿಲ್ಲ. 1868ರಲ್ಲಿ ಮೇಜಿ ಸರ್ಕಾರ ಬಂದ ಮೇಲೆ ನಿಷೇಧ ಬಿಗಿಯಾಯಿತು. ಬೆಟ್ಟದ ಕೆಲವು ಹಳೆಯ ಬುಗ್ಗೆಗಳಲ್ಲಿ ಈಗಲೂ ಉಳಿದಿದೆ, ಅದರ ಮಾತು ಆಮೇಲೆ.

ಇನ್ನು ಈಜುಡುಗೆ ಯಾಕೆ ಬೇಡ ಅನ್ನುವುದು. ನಮ್ಮ ಬಚ್ಚಲಿನ ಹಂಡೆಯನ್ನು ನೆನೆಸಿಕೊಳ್ಳಿ. ಸೋಪಿನ ಕೈಯನ್ನು ಹಂಡೆಯೊಳಗೆ ಅದ್ದಿದರೆ ಅಜ್ಜಿ ಬೈಯುತ್ತಿದ್ದರು, ಅಲ್ವಾ? ಆ ನೀರು ಮನೆಮಂದಿಗೆಲ್ಲ ಬೇಕು. ಒನ್ಸೆನ್‌ನ ತೊಟ್ಟಿಗೂ ಅದೇ ನ್ಯಾಯ, ಜನ ಅದರೊಳಗೆ ಕೂರುತ್ತಾರೆ ಅನ್ನುವುದಷ್ಟೇ ವ್ಯತ್ಯಾಸ. ಒಳ್ಳೆಯ ಹಳೆಯ ಮನೆಗಳಲ್ಲಿ ನೀರು ಬುಗ್ಗೆಯಿಂದ ನೇರವಾಗಿ ತೊಟ್ಟಿಗೆ ಬಂದು, ತುಂಬಿ, ಅಂಚಿನಿಂದ ಹೊರಗೆ ಹರಿದು ಹೋಗುತ್ತಲೇ ಇರುತ್ತದೆ. ಆ ನೀರಿಗೆ ಔಷಧಿಯ ಬೆಲೆ. ಬಟ್ಟೆಯಲ್ಲಿ ಸೋಪಿನ ಪುಡಿ, ಬೆವರು, ದಾರದ ಎಳೆ ಎಲ್ಲ ಇರುತ್ತದೆ. ಅದಕ್ಕೇ ಬಟ್ಟೆ ಹೊರಗೆ. ಮೈ ತೊಳೆಯುವುದೂ ತೊಟ್ಟಿಯ ಹೊರಗೇ, ನೀರಿಗಿಳಿಯುವ ಮೊದಲು. ತೊಟ್ಟಿ ಇರುವುದು ತೊಳೆದುಕೊಂಡ ಮೈಯನ್ನು ನೆನೆಸುವುದಕ್ಕೆ.

ಒಳಗೆ ಹೋದಾಗ ಏನಾಗುತ್ತದೆ ಅಂತ ಹೇಳಿಬಿಡುತ್ತೇನೆ. ಭಯ ಇರುವುದು ಇಲ್ಲೇ. ಬಾಗಿಲಿಗೆ ನೋರೆನ್ ಅನ್ನುವ ಬಟ್ಟೆಯ ಪರದೆ ತೂಗುತ್ತಿರುತ್ತದೆ. ಸಾಮಾನ್ಯವಾಗಿ ನೀಲಿ ಗಂಡಸರದ್ದು, ಕೆಂಪು ಹೆಂಗಸರದ್ದು. ಬಣ್ಣವನ್ನೇ ನಂಬದೆ ಮೇಲಿನ ಅಕ್ಷರವನ್ನೂ ಫೋನಿನಲ್ಲಿ ಒಂದು ಸಲ ನೋಡಿಕೊಳ್ಳಿ. ಮುಖ್ಯವಾದ ಎಚ್ಚರ: ಎಷ್ಟೋ ಮನೆಗಳಲ್ಲಿ ರಾತ್ರಿ ಕಳೆದ ಮೇಲೆ ಎರಡು ಕಡೆಯ ಪರದೆಗಳನ್ನು ಅದಲು ಬದಲು ಮಾಡುತ್ತಾರೆ, ಎರಡೂ ತೊಟ್ಟಿಗಳ ಸುಖ ಎಲ್ಲರಿಗೂ ಸಿಗಲಿ ಅಂತ. ನಿನ್ನೆ ಸಂಜೆ ಹೋದ ಬಾಗಿಲಿಗೇ ಬೆಳಿಗ್ಗೆ ನಿದ್ದೆಗಣ್ಣಲ್ಲಿ ನುಗ್ಗಬೇಡಿ. ಮಾವನವರಿಗೆ ಇದನ್ನು ಮರೆಯದೆ ಹೇಳಿ.

ಒಳಗೆ ಬಟ್ಟೆ ಬಿಚ್ಚಿಡುವ ಕೋಣೆ, ಅಲ್ಲಿ ಬುಟ್ಟಿಗಳು. ಎಲ್ಲವನ್ನೂ ಬುಟ್ಟಿಗೆ ಹಾಕಿ, ಕೈಯಗಲದ ಒಂದು ತೆಳು ಟವೆಲ್ ಮಾತ್ರ ಹಿಡಿದು ಮುಂದೆ ಹೋಗಬೇಕು. ತೊಟ್ಟಿಗೆ ನಡೆಯುವಾಗ ಮುಂಭಾಗಕ್ಕೆ ಅದನ್ನು ಹಿಡಿದುಕೊಳ್ಳಬಹುದು, ಜಪಾನಿನವರೂ ಹಾಗೇ ಮಾಡುತ್ತಾರೆ. ಗೋಡೆಯ ಪಕ್ಕ ನಲ್ಲಿಗಳ ಮುಂದೆ ಗಿಡ್ಡ ಸ್ಟೂಲುಗಳಿರುತ್ತವೆ. ಕೂತುಕೊಂಡು ಸೋಪು ಹಾಕಿ ಚೆನ್ನಾಗಿ ತೊಳೆದುಕೊಳ್ಳಿ, ನೊರೆ ಪೂರ್ತಿ ಹೋಗಲಿ. ಪಕ್ಕದವರಿಗೆ ಸಿಡಿಯದ ಹಾಗೆ ನೋಡಿಕೊಳ್ಳಿ. ಕೂದಲು ಉದ್ದ ಇದ್ದರೆ ಮೇಲಕ್ಕೆ ಕಟ್ಟಿ, ನೀರಿಗೆ ತಾಗಬಾರದು. ಇಳಿಯುವ ಮುಂಚೆ ತೊಟ್ಟಿಯ ನೀರನ್ನೇ ಚೊಂಬಿನಂಥ ಬೋಗುಣಿಯಲ್ಲಿ ತೆಗೆದು ಕಾಲಿನಿಂದ ಮೇಲಕ್ಕೆ ಹಾಕಿಕೊಳ್ಳಿ. ನೀರು ಸಾಮಾನ್ಯವಾಗಿ 40ರಿಂದ 42 ಡಿಗ್ರಿ ಇರುತ್ತದೆ, ಮೈ ಒಮ್ಮೆಲೇ ಬೆಚ್ಚಿಬೀಳಬಾರದು. ಟವೆಲನ್ನು ಮಡಿಸಿ ತಲೆಯ ಮೇಲೋ ದಡದ ಮೇಲೋ ಇಟ್ಟುಕೊಂಡು ಕೂತರೆ ಆಯಿತು. ಯಾರೂ ಯಾರನ್ನೂ ನೋಡುವುದಿಲ್ಲ. ಹಾಗೆ ನೋಡುವುದೇ ಅಲ್ಲಿ ಕೆಟ್ಟ ನಡತೆ. ಎಲ್ಲರೂ ಊಟಕ್ಕೆ ಕೂತ ಹೊತ್ತಿನಲ್ಲೋ ನಸುಕಿನಲ್ಲೋ ಹೋದರೆ ತೊಟ್ಟಿ ಬಹಳ ಸಲ ಖಾಲಿಯೇ ಸಿಗುತ್ತದೆ.

ನಮ್ಮ ಹೆಂಗಸರಿಗೆ ಪ್ರವಾಸದ ಪುಸ್ತಕಗಳಲ್ಲಿ ಸಿಗದ ಒಂದು ಮಾತು: ಕಾಲುಂಗುರ ಮತ್ತು ಬೆಳ್ಳಿಯ ಕಾಲ್ಗೆಜ್ಜೆ. ಗಂಧಕದ ನೀರಿನಲ್ಲಿ ಬೆಳ್ಳಿ ನೋಡನೋಡುತ್ತಲೇ ಕಪ್ಪಾಗುತ್ತದೆ. ಕುಸಾತ್ಸು, ನ್ಯೂತೋ ಇಂಥ ಊರುಗಳಿಗೆ ಹೋಗುವುದಾದರೆ ಬಿಚ್ಚಿಟ್ಟು ಹೋಗುವುದು ಒಳ್ಳೆಯದು. ಬಿಚ್ಚುವ ಮನಸ್ಸಿಲ್ಲದಿದ್ದರೆ ಊರಿಗೆ ಬಂದು ತಿಕ್ಕಿಸಿದರೆ ಮತ್ತೆ ಬೆಳಗುತ್ತದೆ, ಹಾಳೇನೂ ಆಗುವುದಿಲ್ಲ. ಮಾಂಗಲ್ಯವನ್ನು ಸಾಮಾನ್ಯವಾಗಿ ಯಾರೂ ತೆಗೆಯಿರಿ ಅನ್ನುವುದಿಲ್ಲ. ಅಪ್ಪಟ ಬಂಗಾರಕ್ಕೆ ಗಂಧಕದಿಂದ ತೊಂದರೆಯೂ ಇಲ್ಲ.

ಈಗ ಎಲ್ಲಿಗೆ ಹೋಗಬೇಕು ಅನ್ನುವುದು. ನಿಮ್ಮಂಥ ಕುಟುಂಬಕ್ಕೆ ನಾನು ಮೊದಲು ಹೇಳುವ ಊರು ಕಿನೊಸಾಕಿ. ಹ್ಯೋಗೋ ಪ್ರಾಂತ್ಯದ ಉತ್ತರದ ತುದಿಯಲ್ಲಿದೆ, ಕ್ಯೋಟೋದಿಂದ ನೇರ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ಇಲ್ಲಿನ ನೀರು ಉಪ್ಪಿನ ಗುಣದ್ದು, ಹಾಗಾಗಿ ಬೆಳ್ಳಿ ಕಪ್ಪಾಗುವ ಚಿಂತೆ ಇಲ್ಲ. ಊರಿಗೊಂದು ಮಾತಿದೆ: ರೈಲು ನಿಲ್ದಾಣವೇ ಹೆಬ್ಬಾಗಿಲು, ಬೀದಿಯೇ ಪಡಸಾಲೆ, ರಿಯೋಕಾನ್‌ಗಳೇ ಕೋಣೆಗಳು, ಊರಿನ ಸ್ನಾನಗೃಹಗಳೇ ಬಚ್ಚಲು. ಯಾಕೆಂದರೆ ಹಿಂದೆ ಇಲ್ಲಿನ ರಿಯೋಕಾನ್‌ಗಳ ಒಳಗೆ ಬಿಸಿನೀರ ಸ್ನಾನವೇ ಇರಲಿಲ್ಲ. ಬುಗ್ಗೆ ಊರಿನ ಸ್ವತ್ತು, ಎಲ್ಲರೂ ಬೀದಿಗೆ ಬಂದು ಊರಿನ ಸ್ನಾನಗೃಹಕ್ಕೇ ಹೋಗಬೇಕಿತ್ತು. 1925ರ ಭೂಕಂಪ ಮತ್ತು ಬೆಂಕಿಗೆ ಊರು ಸುಟ್ಟುಹೋಯಿತು. ಮತ್ತೆ ಕಟ್ಟುವಾಗ, 1927ರಲ್ಲಿ, ಒಂದು ರಿಯೋಕಾನ್ ತನ್ನ ಮನೆಯೊಳಗೇ ಒನ್ಸೆನ್ ಸ್ನಾನ ತೆರೆಯಿತು. ಊರೇ ತಿರುಗಿಬಿತ್ತು. ಅತಿಥಿಗಳು ಒಳಗೇ ಸ್ನಾನ ಮಾಡಿದರೆ ಬೀದಿಯ ಅಂಗಡಿಗಳ ಗತಿ ಏನು, ಎಲ್ಲರ ನೀರನ್ನು ಒಬ್ಬರು ಒಳಗೆ ಎಳೆದುಕೊಳ್ಳುವುದು ಸರಿಯಾ ಅನ್ನುವುದು ಜಗಳ. ಕೋರ್ಟಿಗೆ ಹೋಗಿ, ಕೊನೆಗೆ ರಾಜಿಯಾದದ್ದು 1950ರಲ್ಲಿ. ಒಳಸ್ನಾನಕ್ಕೆ ಒಪ್ಪಿಗೆ ಸಿಕ್ಕಿತು, ಅದರ ಅಳತೆಗೆ ಮಿತಿಯೂ ಬಿತ್ತು.

ಆ ಹಳೆಯ ಜಗಳದ ಫಲ ಇವತ್ತು ಸಂಕೋಚ ಇರುವವರಿಗೆ ಸಿಗುತ್ತಿದೆ. ಕಿನೊಸಾಕಿಯ ರಿಯೋಕಾನ್‌ಗಳ ಒಳಗಿನ ತೊಟ್ಟಿಗಳು ಚಿಕ್ಕವು. ಚಿಕ್ಕವಾದ್ದರಿಂದ ಒಂದೊಂದು ಕುಟುಂಬಕ್ಕೆ ಒಂದಿಷ್ಟು ಹೊತ್ತು ಬಿಟ್ಟುಕೊಡುವ ಮನೆಗಳು ಸುಲಭವಾಗಿ ಸಿಗುತ್ತವೆ. ದೊಡ್ಡ ಸ್ನಾನ ಬೇಕು ಅನ್ನುವವರು ಊರಿನ ಏಳು ಸ್ನಾನಗೃಹಗಳಿಗೆ ಹೋಗಬಹುದು. ತಮ್ಮಲ್ಲಿ ತಂಗಿದ ಅತಿಥಿಗಳಿಗೆ ಅದರ ಪಾಸನ್ನು ರಿಯೋಕಾನ್‌ನವರೇ ಕೊಡುತ್ತಾರೆ. ಮೈಮೇಲೆ ಹಚ್ಚೆ ಇದ್ದರೂ ಈ ಏಳರಲ್ಲಿ ತಡೆಯುವುದಿಲ್ಲ. ಬೇರೆ ಊರುಗಳಲ್ಲಿ ತಡೆಯುವುದುಂಟು, ಅತ್ತೆಯವರ ಕೈಯಲ್ಲಿ ಹಚ್ಚೆ ಇದ್ದರೆ ಮೊದಲೇ ಕೇಳಿಕೊಳ್ಳಿ. ಸ್ನಾನವೇ ಬೇಡ ಅನ್ನುವವರಿಗೂ ಇಲ್ಲಿ ಸಂಜೆ ದಂಡವಾಗುವುದಿಲ್ಲ. ಯುಕಾತಾ ಅನ್ನುವ ಹತ್ತಿಯ ನಿಲುವಂಗಿ ಉಟ್ಟು, ಗೇತಾ ಅನ್ನುವ ಮರದ ಚಪ್ಪಲಿ ಮೆಟ್ಟಿ, ವಿಲೋ ಮರಗಳ ಸಾಲಿನ ಹೊಳೆದಂಡೆಯಲ್ಲಿ ಊರಿಗೆ ಊರೇ ಅಡ್ಡಾಡುತ್ತಿರುತ್ತದೆ. ಯುಕಾತಾ ಉಡುವಾಗ ಎಡ ಸೆರಗು ಬಲದ ಮೇಲೆ ಬರಬೇಕು. ತಿರುಗಾಮುರುಗಾ ಮಾಡಿ ಉಡಿಸುವುದು ಹೆಣಕ್ಕೆ.

ಸಂಕೋಚ ಜಾಸ್ತಿ ಇರುವವರು ಯೋಚಿಸಿ ಹೋಗಬೇಕಾದ ಮನೆಗಳೂ ಇವೆ. ಗುನ್ಮಾ ಪ್ರಾಂತ್ಯದ ಶಿಮಾ ಒನ್ಸೆನ್‌ನಲ್ಲಿ 1691ರ ಸೇಕಿಜೆನ್‌ಕಾನ್ ಇದೆ. ಕೆಂಪು ಸೇತುವೆಯ ಆಚೆಗಿನ ಆ ಮರದ ಮನೆಯನ್ನು ನೋಡಲೆಂದೇ ಜನ ಬರುತ್ತಾರೆ. ಅಲ್ಲಿನ ಗೆನ್‌ರೋಕು ಸ್ನಾನದ ಕೋಣೆ 1930ರದ್ದು. ಕಮಾನಿನ ಎತ್ತರದ ಕಿಟಕಿಗಳು, ನೆಲದಲ್ಲಿ ಐದು ಕಲ್ಲಿನ ತೊಟ್ಟಿಗಳು, ಬೆಳಕು ಬಿದ್ದಾಗ ಬಹಳ ಚಂದ. ಆದರೆ ಬಟ್ಟೆ ಬಿಚ್ಚಿಡುವ ಜಾಗವೂ ತೊಟ್ಟಿಗಳೂ ಒಂದೇ ಕೋಣೆಯಲ್ಲಿ, ನಡುವೆ ಗೋಡೆ ಇಲ್ಲ. ಅದೇ ಪ್ರಾಂತ್ಯದ ಹೋಶಿ ಒನ್ಸೆನ್ ಚೋಜುಕಾನ್‌ನಲ್ಲಿ (ಇದು ಮೇಲೆ ಹೇಳಿದ ಹೋಶಿ ಅಲ್ಲ) ತೊಟ್ಟಿಯ ತಳದ ಕಲ್ಲುಗಳ ನಡುವಿನಿಂದಲೇ ನೀರು ಉಕ್ಕುತ್ತದೆ. ಅದರ ಹಳೆಯ ದೊಡ್ಡ ಸ್ನಾನಗೃಹ ಗಂಡಸರು, ಹೆಂಗಸರು ಇಬ್ಬರಿಗೂ ಸೇರಿದ್ದು, ಹೆಂಗಸರಿಗೆಂದೇ ಬೇರೆ ಹೊತ್ತೂ ಇದೆ. ಅಕಿತಾ ಪ್ರಾಂತ್ಯದ ತ್ಸುರುನೊಯು ಬಯಲು ತೊಟ್ಟಿಯೂ ಇಬ್ಬರಿಗೂ ಸೇರಿದ್ದು. ಹಾಲಿನ ಬಣ್ಣದ ಆ ನೀರಿಗೆ ಇಳಿದ ಮೇಲೆ ಏನೂ ಕಾಣುವುದಿಲ್ಲ, ಆದರೆ ಇಳಿಯುವವರೆಗೆ ನಡೆಯಬೇಕಲ್ಲ. ಎರಡೂ ಕಡೆ ಬೇರೆ ಸ್ನಾನಗಳಿವೆ. ಇವು ಕೆಟ್ಟ ಜಾಗಗಳಲ್ಲ, ನನ್ನ ಪ್ರಕಾರ ಜಪಾನಿನ ಅತ್ಯಂತ ಸುಂದರ ಸ್ನಾನಗಳಲ್ಲಿ ಸೇರುತ್ತವೆ. ಗೊತ್ತಿದ್ದು ಹೋಗಬೇಕು, ಅಷ್ಟೇ.

ನಿಮ್ಮ ಮಗನ ವಿಷಯ ಬೇರೆಯಾಗಿ ಹೇಳಬೇಕು. ಮೊದಲು ಹತ್ತು ವರ್ಷ ತುಂಬದ ಗಂಡುಮಕ್ಕಳು ಅಮ್ಮನ ಜೊತೆ ಹೆಂಗಸರ ಕಡೆ ಹೋಗಬಹುದಿತ್ತು. 2020ರ ಕೊನೆಯಲ್ಲಿ ಸರ್ಕಾರ ಮಾರ್ಗಸೂಚಿ ಬದಲಿಸಿ, ಸುಮಾರು ಏಳು ವರ್ಷ ಮತ್ತು ಅದಕ್ಕಿಂತ ದೊಡ್ಡವರು ಬೇರೆ ಬೇರೆಯೇ ಹೋಗಬೇಕು ಎಂದಿತು. ಎಂಟು ವರ್ಷದವನು ಅಪ್ಪ, ತಾತನ ಜೊತೆ ಹೋಗಲಿ. ಹಿರಿಯರಿಗೆ ರಕ್ತದೊತ್ತಡ, ಹೃದಯದ ತೊಂದರೆ ಇದ್ದರೆ ಹೊರಡುವ ಮೊದಲೇ ಡಾಕ್ಟರನ್ನು ಕೇಳಿ. ಊಟವಾದ ಕೂಡಲೇ ಇಳಿಯುವುದು ಬೇಡ. ಐದು ನಿಮಿಷ ಕೂತು, ನಿಧಾನಕ್ಕೆ ಎದ್ದು, ನೀರು ಕುಡಿದರೆ ಸಾಕು. ಹಳೆಯ ಮನೆಗಳಲ್ಲಿ ಲಿಫ್ಟ್ ಇಲ್ಲದಿರುವುದು, ಹಾಸಿಗೆ ನೆಲದ ಮೇಲಿರುವುದು ಮಾಮೂಲು. ಮಂಡಿನೋವಿನವರಿಗೆ ಸ್ನಾನಕ್ಕಿಂತ ಇದೇ ಕಷ್ಟ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೆ ಬಿಡಲಾರೆ. ರಿಯೋಕಾನ್‌ನಲ್ಲಿ ಬಾಡಿಗೆ ತಲೆಗೆ ಇಷ್ಟು ಅಂತ, ರಾತ್ರಿಯ ಊಟ ಮತ್ತು ಬೆಳಗಿನ ತಿಂಡಿ ಸೇರಿರುತ್ತದೆ. ಮೀನು, ಮಾಂಸ ಇಲ್ಲದ ಬಟ್ಟಲಿನಲ್ಲೂ ಸಾರಿಗೆ ಸಾಮಾನ್ಯವಾಗಿ ದಾಶಿ ಅನ್ನುವ ಒಣಮೀನಿನ ರಸ ಹಾಕಿರುತ್ತಾರೆ. ಸಸ್ಯಾಹಾರಿ ಅಂದರೆ ಸಾಲದು, ದಾಶಿಯೂ ಬೇಡ ಅಂತ ಬುಕ್ ಮಾಡುವಾಗಲೇ ಬಿಡಿಸಿ ಹೇಳಬೇಕು. ಅವರು ಆಗುವುದಿಲ್ಲ ಅಂದರೆ ಊಟ ಇಲ್ಲದ ಬಾಡಿಗೆ ಕೇಳಿ. ಅದನ್ನು ಸುದೊಮಾರಿ ಅನ್ನುತ್ತಾರೆ.

ರೂಮಿನೊಳಗೇ ಒನ್ಸೆನ್ ತೊಟ್ಟಿ ಇರುವ ಕೋಣೆಗಳೂ ಇವೆ, ಬಾಡಿಗೆ ಬಹಳ ಜಾಸ್ತಿ. ಅಷ್ಟು ಖರ್ಚು ಮಾಡುವ ಮುಂಚೆ ರಿಯೋಕಾನ್‌ಗೆ ಒಂದು ಪತ್ರ ಬರೆಯಿರಿ. ಕಾಶಿಕಿರಿ ಸ್ನಾನ ಇದೆಯಾ? ಅದಕ್ಕೆ ಬೇರೆ ದುಡ್ಡು ಇದೆಯಾ, ಎಷ್ಟು ನಿಮಿಷ? ಮೊದಲೇ ಹೊತ್ತು ಗೊತ್ತು ಮಾಡಬೇಕಾ, ಬಂದ ಮೇಲೆ ಹೆಸರು ಬರೆಸಿದರೆ ಆಯಿತಾ? ಅದರಲ್ಲಿ ಬರುವುದು ಬುಗ್ಗೆಯ ನೀರೇನಾ, ಕಾಯಿಸಿದ ನಲ್ಲಿ ನೀರಾ? ಕೊನೆಯದನ್ನು ಕೇಳಲು ಹಿಂಜರಿಯಬೇಡಿ. ಮಧ್ಯಾಹ್ನ ಮೂರರ ಸುಮಾರಿಗೆ ಒಳಗೆ ಬಿಡುತ್ತಾರೆ. ಬಂದ ಮೇಲೆ ಹೆಸರು ಬರೆಸುವ ಮನೆಯಾದರೆ ಮೂರಕ್ಕೇ ಹೋಗಿ ಬರೆಸಿಬಿಡಿ, ಊಟಕ್ಕೆ ಮುಂಚಿನ ಹೊತ್ತಿಗೇ ಎಲ್ಲರೂ ಮುಗಿಬೀಳುವುದು.